ಪರದೆಯ ಹಿಂದೆ ಎಲ್ಲರೂ ಎಡಚರು

ದೊಡ್ಡ ನಟರಿಲ್ಲದ, ಹೊಡೆದಾಟವಿಲ್ಲದ, ಒಂದು ಮನೆಯವರು ಮುನಿಸಿಕೊಂಡು ಕೊನೆಗೆ ಒಟ್ಟಿಗೆ ಕೂತು ಉಣ್ಣುವಂಥ ಸಣ್ಣ ಚಿತ್ರಗಳೆಂದರೆ ನನಗೆ ಈಗಲೂ ಪ್ರಾಣ. ‘ಇದರಲ್ಲಿ ಏನೂ ಆಗೋದೇ ಇಲ್ಲ’ ಎಂದು ನನ್ನ ಮಗಳು ಅರ್ಧಕ್ಕೇ ಎದ್ದು ಹೋಗುತ್ತಾಳೆ. ಹೋಗಲಿ, ಪಾಪ. ಅವಳು ಸಿನಿಮಾವನ್ನು ಯಾವಾಗಲೂ ಪರದೆಯ ಮುಂದೆಯೇ ಕೂತು ನೋಡಿದವಳು.

ನಾವು ಹಿಂದೆ ಕೂತವರು. ಎಪ್ಪತ್ತರ ದಶಕದಲ್ಲಿ ಅಪ್ಪ ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಶನಿವಾರ ಹೊತ್ತು ಮುಳುಗುತ್ತಲೇ ಕಾಲೋನಿಯ ಮೈದಾನದಲ್ಲಿ ಎರಡು ಬಿದಿರುಗಳ ನಡುವೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಮುಂದೆ ಗಂಡಸರು, ಹಿಂದೆ ಹೆಂಗಸರು, ಮಕ್ಕಳು. ಚಿತ್ರ ಬಟ್ಟೆಯನ್ನು ಹಾಯ್ದು ನಮಗೂ ಕಾಣುತ್ತಿತ್ತು, ಎಡಬಲ ಮಾತ್ರ ಅದಲುಬದಲು. ಗಾಳಿ ಬಂದರೆ ನಾಯಕಿಯ ಮನೆಯೇ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಮೈದಾನದಾಚೆ ಆಗ್ರಾಕ್ಕೆ ಹೋಗುವ ಹೆದ್ದಾರಿಯಲ್ಲಿ ಪಿಂಪಳಗಾಂವ್‌ನ ಈರುಳ್ಳಿ ಲಾರಿಗಳು ಹೋಗುತ್ತಿದ್ದವು. ಆ ವಾಸನೆಯಲ್ಲಿ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ಕನಸೋ ಸಿನಿಮಾನೋ ತಿಳಿಯದಂತೆ ನಾನು ತೇಲುತ್ತಿದ್ದೆ.

ಅಜ್ಜಿಗೆ ಒಂದೇ ಚಿಂತೆ. “ಅಲ್ಲವಾ, ಈ ಸಿನಿಮಾದ ಮಂದಿ ಎಲ್ಲಾ ಎಡಗೈಲೆ ಉಣ್ತಾರಲ್ಲ! ಇವರಿಗೆ ಹೇಳೋರು ಕೇಳೋರು ಯಾರೂ ಇಲ್ಲೇನ?”

ಆ ಮಾತಿನ ಹಿಂದೆ ನಮ್ಮ ಅತ್ತೆ ಇದ್ದಳು, ಅಪ್ಪನ ತಂಗಿ. ಹುಟ್ಟಾ ಎಡಚಿ. ಧಾರವಾಡದ ಮನೆಯಲ್ಲಿ ಅವಳ ಎಡಗೈಗೆ ಏಟು ಕೊಟ್ಟು ತಿದ್ದುವುದು ಅಣ್ಣನಾದ ಅಪ್ಪನ ಕೆಲಸವಾಗಿತ್ತಂತೆ. ಮುಂದೆ ಅವಳು ಮರಾಠಿ ಮೇಷ್ಟ್ರೊಬ್ಬರನ್ನು ತಾನೇ ಮೆಚ್ಚಿ ಮದುವೆಯಾಗಿ ಔರಂಗಾಬಾದಿನಲ್ಲಿ, ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿನಲ್ಲಿ, ಮನೆ ಮಾಡಿದಳು. ಅಪ್ಪ ಮಾತು ಬಿಟ್ಟರು. ಬರಬೇಡ ಎನ್ನಲಿಲ್ಲ. ಅಜ್ಜಿಯನ್ನು ನೋಡಲು ಅವಳು ಬಸ್ಸು ಹತ್ತಿ ಬಂದರೆ ಮಾತೆಲ್ಲ ನನ್ನ ಮೂಲಕ.

“ನಿಮ್ಮತ್ತಿಗೆ ಹೇಳು, ಚಹಾ ಆರಲಿಕ್ಕತ್ತದ.” ಅತ್ತೆ ಅಲ್ಲೇ ನಿಂತಿರುತ್ತಿದ್ದಳು.

“ನಿಮ್ಮಪ್ಪಗ ಹೇಳು, ಕುಡೀತೀನಿ ಅಂತ.”

ನನಗೋ ಈ ಅಧಿಕಾರ ತಲೆಗೇರಿತ್ತು. ಆದರೆ ಅಜ್ಜಿ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. “ನಾ ಕಣ್ಣು ಮುಚ್ಚೂದ್ರಾಗ ಇವೆರಡೂ ಒಮ್ಮೆ ಎದರಾ ಎದರ ಮಾತಾಡಿದ್ರ ಸಾಕು.”

ಹಾಗೆ ಅತ್ತೆ ಬಂದಿದ್ದ ಒಂದು ಶನಿವಾರ ಹಾಕಿದ ಚಿತ್ರದ ಹೆಸರು ಮರೆತುಹೋಗಿದೆ. ಮುನಿದ ತಂದೆ, ಮಗ ಒಂದೇ ಮನೆಯಲ್ಲಿದ್ದು, ಪರಸ್ಪರ ಹೇಳಬೇಕಾದ್ದನ್ನೆಲ್ಲ ಹಾಲಿನವನಿಗೆ ಹೇಳುತ್ತಿದ್ದರು. ಹಾಲಿನವನು ಸುಸ್ತಾಗಿ ಕ್ಯಾನಿನ ಮೇಲೆ ಕೂತುಬಿಟ್ಟ. ಪರದೆಯ ಆ ಬದಿಯಿಂದ ಅಪ್ಪನ ನಗು ಕೇಳಿತು. ಮನೆಯಲ್ಲಿ ನಾನು ಎಂದೂ ಕೇಳದ, ಹೊಟ್ಟೆ ಹಿಡಿದುಕೊಂಡ ನಗು.

ಈ ಬದಿಯಲ್ಲಿ ಅತ್ತೆಯೂ ನಕ್ಕಳು. ಉಸಿರು ಎಳೆದೆಳೆದು ನಗುವುದು ಅವಳ ರೀತಿ, ಸಾವಿರ ಜನರಲ್ಲೂ ಗುರುತು ಸಿಗುತ್ತದೆ. ಆ ಬದಿಯ ನಗು ತಟ್ಟನೆ ನಿಂತಿತು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಬಟ್ಟೆ ಉಬ್ಬಿತು, ಇಳಿಯಿತು. ಆಮೇಲೆ ಅಪ್ಪ ಮತ್ತೆ ನಕ್ಕರು, ಈ ಸಲ ಸಣ್ಣಗೆ. ನನಗೆ ಯಾಕೋ ಅಳು ಬಂತು.

ಮರುದಿನ ಹೋಳಿಗೆ ಊಟ. ಕಟ್ಟಿನ ಸಾರಿನ ಪಾತ್ರೆ ಹಿಡಿದು ಅತ್ತೆ ಅಪ್ಪನ ತಾಟಿನ ಮುಂದೆ ಬಗ್ಗಿದಳು. ಯಾವ ಗುಂಗಿನಲ್ಲಿದ್ದಳೋ, ಸೌಟು ಎಡಗೈಯಲ್ಲಿತ್ತು.

“ಎಡಗೈಲೆ ಬಡಸಬ್ಯಾಡ ಅಂತ ಎಷ್ಟ ಸಲಾ ಹೇಳಬೇಕ ನಿನಗ?” ಅಪ್ಪ ಗದರಿದರು.

ಅವಳಿಗೇ, ನೇರವಾಗಿ. ಅಜ್ಜಿಯ ಕೈಯ ತುತ್ತು ಹಾಗೇ ನಿಂತಿತು. ಅತ್ತೆಯ ಮುಖ ಅರಳಿತು, ಕಣ್ಣು ತುಂಬಿತು. “ತಪ್ಪಾತಣ್ಣಾ,” ಎಂದು ಸೌಟನ್ನು ಬಲಗೈಗೆ ಬದಲಿಸಿದಳು. ಸಾರು ತಾಟಿನಾಚೆ ತುಸು ಚೆಲ್ಲಿತು.

ಅಪ್ಪ ತಾಟು ನೋಡುತ್ತಲೇ ಹೇಳಿದರು, “ಇರಲಿ ಬಿಡು. ಬಲಗೈಲೆ ಚೆಲ್ತೀ. ಎಡಗೈಲೇ ಹಾಕು.”

ಅತ್ತೆ ಎಡಗೈಯಲ್ಲೇ ಬಡಿಸಿದಳು. ಏನಾದರೂ ಹೇಳಿ ಕಳಿಸುತ್ತಾರೇನೋ ಎಂದು ನಾನು ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದೆ. ಯಾರೂ ನನ್ನ ಕಡೆ ತಿರುಗಲಿಲ್ಲ.