ಗಂಟೆ ಹೊಡೆದಾಗ ಒಲೆ ಆರಿಸುತ್ತಾರೆ

ನನ್ನನ್ನು ನೋಡಲು ಬಂದ ದಿನ ಅವರು ತಮ್ಮ ಕೆಲಸವನ್ನು ತಾವೇ ಬಾಯಿಬಿಟ್ಟು ಹೇಳಿದರು. ಸಂಬಂಧ ತಂದವರು "ನೇವಿಲಿ ಅವ್ನೆ, ದೊಡ್ಡ ಅಡಗು" ಎಂದು ಹಡಗಿನ ಮಾತಷ್ಟೇ ಆಡಿ ಉಳಿದದ್ದನ್ನು ನುಂಗಿಕೊಂಡಿದ್ದರು. ಅಪ್ಪ ಕಾಫಿ ಲೋಟ ಕೆಳಗಿಟ್ಟು ಕೇಳಿದರು.

"ಅಡಗಲ್ಲಿ ಯಾವ್ ಕೆಲ್ಸ ಕಣಪ್ಪಾ? ಇಂಜಿನ್ನಾ, ಗನ್ನಾ?"

"ಅಡಿಗೆ ಕೆಲ್ಸ ಸಾರ್. ಕುಕ್ಕು."

"ಅಂದ್ರೆ, ಬಟ್ರ ಕೆಲ್ಸವಾ?"

"ಊಂ ಸಾರ್. ಮುನ್ನೂರು ಜನಕ್ಕೆ."

ನಿಡಘಟ್ಟದ ನಮ್ಮ ನಡುಮನೆಯಲ್ಲಿ ಕೂತಿದ್ದ ನೆಂಟರ ಮುಖವನ್ನು ಅಪ್ಪ ಒಮ್ಮೆ ನೋಡಿದರು. ನಮ್ಮದು ಕಬ್ಬು, ಭತ್ತ ಬೆಳೆಯುವ ಮನೆ. ಮದುವೆ, ನಾಮಕರಣಕ್ಕೆ ಭಟ್ಟರನ್ನು ಗೊತ್ತುಮಾಡಿ ಅಭ್ಯಾಸವಿತ್ತು. ಭಟ್ಟರ ಕೆಲಸ ಮಾಡುವವರಿಗೆ ಹೆಣ್ಣು ಕೊಟ್ಟು ಅಭ್ಯಾಸವಿರಲಿಲ್ಲ.

ಮಾತಾಡಿಕೊಳ್ಳಲಿ ಎಂದು ನಮ್ಮಿಬ್ಬರನ್ನು ಮಹಡಿಯ ಮೇಲೆ ಕಳಿಸಿದರು. ಹತ್ತು ನಿಮಿಷ. ನಾನು ಹೆಚ್ಚು ಮಾತಿನವಳಲ್ಲ, ಅವರೂ ಅಲ್ಲ. ಹಡಗಿನಲ್ಲಿ ಯಾರು ಯಾರು ಏನೇನು ಮಾಡುತ್ತಾರೆ ಎಂದು ಕೇಳಿದೆ. ಅವರು ಬೆರಳು ಮಡಚುತ್ತಾ ಹೇಳಿದರು. ರೇಡಾರ್ ಪರದೆ ನೋಡುವವರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೀರಿನ ಕೆಳಗಿನ ಸದ್ದು ಕೇಳುವವರು. ಬಾವುಟದಲ್ಲಿ, ದೀಪದಲ್ಲಿ ಮಾತಾಡುವ ಸಿಗ್ನಲ್‌ನವರು. ಇಂಜಿನ್ನಿನವರು, ಅವರು ಬಿಸಿಲನ್ನೇ ನೋಡುವುದಿಲ್ಲವಂತೆ. ಗುಂಡಿನವರು. ಗಾಯಕ್ಕೆ ಮದ್ದು ಹಚ್ಚುವವರು. ಐದು ಬೆರಳು ಮುಗಿದು ಎರಡನೆಯ ಕೈಗೆ ಬಂದಾಗ, "ಕೊನೆಗೆ ನಾವು. ನಾವು ತಡ ಮಾಡಿದ್ರೆ ಇವ್ರೆಲ್ಲಾ ನಮ್ಮೇಲೇ ಗುಂಡು ಹಾರಿಸ್ತಾರೆ" ಎಂದರು.

"ಮುದ್ದೆ ಮಾಡ್ತೀರಾ?"

"ಒಂದ್ಸಲ ಮಾಡ್ದೆ. ಪಂಜಾಬಿನೋರು ಅಗದ್ರು, ಅಗದ್ರು, ಅರ್ಧ ಗಂಟೆ ಅಗದ್ರು. ನುಂಗ್ರೋ ಅಂದ್ರೆ ಹೆದರ್ಕೊಂಡ್ರು."

ನಾನು ನಕ್ಕೆ. ಕೆಳಗೆ ಬಂದ ಮೇಲೆ ಒಪ್ಪಿಗೆ ಎಂದೆ. ಯಾಕೆ ಎಂದು ಅಪ್ಪ ಎರಡು ದಿನ ಕೇಳಿದರು. ನನಗೂ ಪೂರ್ತಿ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಕೇಳಿದಷ್ಟೇ, ಸರಿಯಾಗಿ ಉತ್ತರ ಕೊಡುವ ಗಂಡಸನ್ನು ನಾನು ಅಷ್ಟಾಗಿ ನೋಡಿರಲಿಲ್ಲ.

ಬೇಸಿಗೆಗೆ ಮುಂಚೆ ನಿಶ್ಚಿತಾರ್ಥವಾಯಿತು. ಆಷಾಢ ಕಳೆದು ಶ್ರಾವಣದಲ್ಲಿ ಮದುವೆ ಎಂದು ಮಾತಾಯಿತು. ಅವರು ಹಡಗಿಗೆ ಮರಳಿದರು. ಭಾನುವಾರ ಸಂಜೆ ಫೋನು ಮಾಡುತ್ತಿದ್ದರು, ಇಪ್ಪತ್ತು ನಿಮಿಷ. ಅವರು ಹೇಳುತ್ತಿದ್ದುದೆಲ್ಲ ಅಡುಗೆಮನೆಯದೇ. ಸಮುದ್ರ ಎದ್ದಾಗ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದು. ಒಲೆಯ ಮೇಲೆ ಪಾತ್ರೆಗಳು ಜಾರದಂತೆ ಕಬ್ಬಿಣದ ಪಟ್ಟಿಗಳಿರುತ್ತವೆ. ಹಿಟ್ಟು ಕಲಸುವಾಗ ಕಾಲು ಅಗಲಿಸಿ ನಿಲ್ಲಬೇಕು, ಇಲ್ಲದಿದ್ದರೆ ಹಿಟ್ಟಿನ ಜೊತೆ ನಾವೂ ಉರುಳುತ್ತೇವೆ. ಮಳವಳ್ಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಇಂಥ ವಿವರಗಳು ಇಷ್ಟ. ಒಂದೊಂದನ್ನೂ ಜೋಡಿಸಿ ಆ ಅಡುಗೆಮನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ನಿಡಘಟ್ಟದಿಂದ ಮದ್ದೂರಿಗೆ, ಅಲ್ಲಿ ಬಸ್ಸು ಬದಲಿಸಿ ಮಳವಳ್ಳಿಗೆ ಹೋಗುವ ದಾರಿಯುದ್ದಕ್ಕೂ ನಾನು ಆ ಅಡುಗೆಮನೆಯಲ್ಲಿರುತ್ತಿದ್ದೆ. ಅವರು ಎಲ್ಲಿ ನಿಂತಿದ್ದಾರೆ, ಯಾವ ಕೈಯಲ್ಲಿ ಸೌಟು ಹಿಡಿದಿದ್ದಾರೆ ಎಂಬುದೆಲ್ಲ ನನಗೆ ಕಾಣುತ್ತಿತ್ತು.

ಆಮೇಲೆ ಗಡಿಯಲ್ಲಿ ಗುಂಡಿನ ಸುದ್ದಿ ಬಂತು. ಟಿವಿಯವರು ಯುದ್ಧ ಎಂದು ಕೂಗತೊಡಗಿದರು. ಒಂದು ಬೆಳಿಗ್ಗೆ ನನ್ನ ಫೋನಿನಲ್ಲಿ ಎರಡು ಸಾಲು: "ಫೋನ್ ಕೊಟ್ಬಿಡ್ಬೇಕಂತೆ. ಮತ್ತೆ ಮಾಡ್ತೀನಿ." ಅಷ್ಟೇ. ಮುಂದಿನ ಭಾನುವಾರ ಫೋನು ಬರಲಿಲ್ಲ. ಅದರ ಮುಂದಿನ ಭಾನುವಾರವೂ.

ಅಪ್ಪ ನನ್ನ ಮುಖ ನೋಡಿ ಸಮಾಧಾನ ಹೇಳಿದರು. "ಅಡಿಗೆಯೋನ್ ತಾನೇ ಮಗಾ? ಒಳಗೆ ಒಲೆ ಮುಂದೆ ಬೆಚ್ಚಗಿರ್ತಾನೆ ಬುಡು. ಗನ್ ಇಡ್ಕಂಡೋರ್ದು ಕಷ್ಟ." ಭಟ್ಟರ ಕೆಲಸ ಅವರಿಗೆ ಮೊದಲ ಸಲ ಒಳ್ಳೆಯದೆನಿಸಿತ್ತು. ಆಮೇಲೆ ಇನ್ನೊಂದು ಮಾತು ಸೇರಿಸಿದರು: "ಅಂಗೂ ಇನ್ನೂ ತಾಳಿ ಬಿದ್ದಿಲ್ಲ." ಅದನ್ನೂ ಸಮಾಧಾನಕ್ಕೇ ಹೇಳಿದ್ದು. ನಾನು ಎದ್ದು ಒಳಗೆ ಹೋದೆ.

ಅವರ ಊರು ಮಳವಳ್ಳಿಯಿಂದ ಮೂರು ಕಿಲೋಮೀಟರ್. ನಾನು ದಿನವೂ ಅಷ್ಟು ಹತ್ತಿರ ಹೋಗಿಬರುತ್ತಿದ್ದರೂ ಆ ಮನೆಯನ್ನು ನೋಡಿರಲಿಲ್ಲ. ಗೊತ್ತಾದ ಹುಡುಗಿ ಮದುವೆಗೆ ಮುಂಚೆ ಗಂಡಿನ ಮನೆಯ ಹೊಸ್ತಿಲು ದಾಟುವಂತಿಲ್ಲ; ದಾಟಿದರೆ ಆಮೇಲೆ ಮನೆ ತುಂಬಿಸಿಕೊಳ್ಳುವ ಶಾಸ್ತ್ರಕ್ಕೆ ಏನರ್ಥ? ಹಾಗಾಗಿ ಅವರ ತಾಯಿಯನ್ನು ನಾನು ನೋಡುತ್ತಿದ್ದುದು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ. ಸಂತೆಗೆ ಬಂದ ದಿನ ಕಲ್ಲುಬೆಂಚಿನ ಮೇಲೆ ಚೀಲ ಇಟ್ಟುಕೊಂಡು ನನಗಾಗಿ ಕಾಯುತ್ತಿದ್ದರು. ಮುಂಚೆ ಯಾರಾದರೂ ಮಗನ ಕೆಲಸ ಕೇಳಿದರೆ ಅತ್ತೆ "ಮಿಸನ್ನು" ಎನ್ನುತ್ತಿದ್ದರು. ಯಾವ ಮೆಷೀನು, ಏನು ಯಂತ್ರ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದರು. ಈಗ ಪಕ್ಕದಲ್ಲಿ ಕೂತವರಿಗೆಲ್ಲ, ಕೇಳದಿದ್ದರೂ ಹೇಳತೊಡಗಿದ್ದರು.

"ನನ್ ಮಗ ಅಡಿಗೆ ಮಾಡದು ಕಣವ್ವ. ಒಲೆ ಬುಟ್ಟು ಅಳ್ಳಾಡಕಿಲ್ಲ ಅವ್ನು. ಅವ್ನಿಗೇನಾದದು?"

ಆಮೇಲೆ ನನ್ನ ಕಡೆ ತಿರುಗಿ ಕೇಳುತ್ತಿದ್ದರು, "ನಿಂಗೆ ಪೋನ್ ಮಾಡಿದ್ನಾ ಮಗಾ?"

"ಇಲ್ಲ ಅತ್ತೆ. ನಿಮಗೆ?"

"ಊಂಹೂಂ."

ನಮ್ಮ ಕಾಲೇಜಿನ ಗೇಟಿನಲ್ಲಿ ಕೂರುವ ಕಾವಲಿನವರು ಹಿಂದೆ ನೌಕಾಪಡೆಯಲ್ಲಿದ್ದವರು. ಸಿಗ್ನಲ್ ಕೆಲಸ ಮಾಡಿದವರಂತೆ. ಈಗಲೂ ಬೂಟಿಗೆ ಪಾಲಿಷ್ ಹಾಕದೆ ಬರುವುದಿಲ್ಲ. ಪರೀಕ್ಷೆಯ ದಿನಗಳವು. ಮಧ್ಯಾಹ್ನ ಕೊಠಡಿ ಮೇಲ್ವಿಚಾರಣೆ ಮುಗಿಸಿ ಬಂದವಳು ಗೇಟಿನ ಬಳಿ ನಿಂತೆ. ನನ್ನ ಸಂಬಂಧದ ವಿಷಯ ಅವರಿಗೆ ಗೊತ್ತಿತ್ತು. ಕೇಳುವುದಕ್ಕೆ ನನಗೆ ಮೂರು ದಿನ ಬೇಕಾಗಿತ್ತು.

"ಅಣ್ಣಾ, ಯುದ್ಧದ ಹೊತ್ತಲ್ಲಿ ಅಡುಗೆಯವರು ಅಡುಗೆಮನೇಲೇ ಇರ್ತಾರಲ್ವಾ?"

ಅವರು ನನ್ನನ್ನು ನೋಡಿದರು. ಸುಳ್ಳು ಹೇಳಬಹುದೇ ಎಂದು ಯೋಚಿಸಿದರು ಅನಿಸುತ್ತದೆ.

"ಹಡಗಲ್ಲಿ ಒಬ್ಬೊಬ್ರಿಗೂ ಎರಡು ಕೆಲ್ಸ ಕಣಮ್ಮ. ಒಂದು ದಿವ್ಸದ್ದು. ಇನ್ನೊಂದು ಯುದ್ಧದ ಗಂಟೆ ಹೊಡ್ದಾಗಿಂದು. ಗಂಟೆ ಹೊಡೀತು ಅಂದ್ರೆ ಮೊದ್ಲು ಒಲೆ ಆರಿಸ್ತಾರೆ. ಕಾದಿರೋ ಎಣ್ಣೆ ಇಟ್ಕೊಂಡು ಯುದ್ಧ ಮಾಡೋಕಾಯ್ತದಾ?"

"ಆಮೇಲೆ ಅವರು?"

"ಕೆಲವ್ರು ಬೆಂಕಿ ಆರ್ಸೋ ಪಾರ್ಟಿಗೆ. ಕೆಲವ್ರು ಕೆಳಗಿಂದ ಗುಂಡು ಎತ್ತಿ ಕೊಡೋಕೆ. ಜಾಸ್ತಿ ಜನ ಸ್ಟ್ರೆಚರಿಗೆ. ಯಾರಾದ್ರೂ ಬಿದ್ರೆ, ಎತ್ಕೊಂಡು ಡಾಕ್ಟ್ರು ತಾವ ಓಡೋರು ಅವ್ರೇ. ಮಧ್ಯೆ ಮಧ್ಯೆ ಪೂರಿ, ಆಲೂಗೆಡ್ಡೆ ಕಟ್ಕೊಂಡು ನಿಂತೋರ ಬಾಯಿಗೆ ತಿನ್ಸಿ ಬರ್ಬೇಕು. ಗನ್ನಿನೋನು ಜಾಗ ಬುಡಂಗಿಲ್ಲ, ರೇಡಾರ್‌ನೋನು ಕಣ್ ತೆಗೆಯಂಗಿಲ್ಲ. ಇಡೀ ಹಡಗಲ್ಲಿ ಓಡಾಡೋನು ಅಂದ್ರೆ ಅಡಿಗೆಯೋನೇ."

ನಾನು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡೆ. ಮಾಡಿಕೊಳ್ಳುವುದಕ್ಕೆ ಬೇರೇನೂ ಇರಲಿಲ್ಲ.

"ಏನಾದ್ರೂ ಆದ್ರೆ ತಿಳಿಸ್ತಾರಾ?"

"ತಿಳಿಸ್ತಾರೆ. ಫಾರಮ್ಮಲ್ಲಿ ಬರ್ಸಿರ್ತೀವಿ. ಮದ್ವೆ ಆಗದೋರಾದ್ರೆ ತಾಯಿ ಹೆಸ್ರಿಗೆ ಓಯ್ತದೆ." ದನಿ ತಗ್ಗಿಸಿ, "ನಿಮ್ಗೆ ಬರಾಕಿಲ್ಲ ಕಣಮ್ಮ" ಎಂದರು.

ಅಷ್ಟು ದಿನ ಕಟ್ಟಿಕೊಂಡಿದ್ದ ಅಡುಗೆಮನೆ ಆ ಮಧ್ಯಾಹ್ನ ಖಾಲಿಯಾಯಿತು. ಅವರು ಇನ್ನೆಲ್ಲಿ ಎಂದು ನೋಡಲು ಹೋದರೆ ಏನೂ ಕಾಣುತ್ತಿರಲಿಲ್ಲ. ಹೆದರಿಕೆಗಿಂತ ಇದೇ ನನಗೆ ತಡೆಯಲಾಗದ್ದು. ದೂರವಿರುವವರನ್ನು ನೆನೆಯಬೇಕಾದರೆ ಅವರು ಎಲ್ಲಾದರೂ ನಿಂತಿರಬೇಕು, ಒಂದು ಕಂಬದ ಪಕ್ಕ, ಒಂದು ಬಾಗಿಲಿನ ಬಳಿ. ನನ್ನ ಮನಸ್ಸಿನಲ್ಲಿ ಈಗ ಬರಿಯ ನೀರು ಇತ್ತು. ಆ ಜಾಗ ಯಾವುದೆಂದು ಅವರಿಂದಲೇ ತಿಳಿಯಬೇಕು. ಅವರಿಗೆ ಒಂದೇ ಒಂದು ಕರೆ ಸಿಕ್ಕರೂ ಅದನ್ನು ಮಾಡುವುದು ತಾಯಿಗೇ.

ಬಸ್ ಸ್ಟ್ಯಾಂಡಿನಲ್ಲಿ ಮದ್ದೂರು ಬಸ್ಸು ಬಂದು ನಿಂತಿತ್ತು. ಅದನ್ನು ಬಿಟ್ಟು ಅವರ ಊರಿನ ಆಟೋ ಹತ್ತಿದೆ.

ಅತ್ತೆ ಬಾಗಿಲಿನಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ನನ್ನನ್ನು ನೋಡಿ ಮೊರ ಕೆಳಗಿಟ್ಟು ಎದ್ದರು. "ಏನಾರ ಸುದ್ದಿ ಬಂತಾ?"

"ಇಲ್ಲ ಅತ್ತೆ. ಸುಮ್ಮನೆ ಬಂದೆ. ಫೋನು ಬಂದರೆ ನಾನೂ ಇರೋಣ ಅಂತ."

ಅವರು ನನ್ನ ಕಾಲು ನೋಡಿದರು, ಹೊಸ್ತಿಲು ನೋಡಿದರು, ಬೀದಿ ನೋಡಿದರು. ಎದುರುಮನೆಯ ಹೆಂಗಸು ಆಗಲೇ ಕಿಟಕಿಗೆ ಬಂದಿದ್ದಳು.

"ಒಳೀಕ್ ಬರ್ಬ್ಯಾಡ ಮಗಾ" ಎಂದರು. ನನಗೆ ಕಣ್ಣು ತುಂಬಿತು. ಅಷ್ಟರಲ್ಲಿ ಅವರು ಫೋನು, ಚಾರ್ಜರು, ನೀರಿನ ಚೊಂಬು, ಚಾಪೆ ಎಲ್ಲವನ್ನೂ ಒಂದೊಂದಾಗಿ ಹೊರಗೆ ತಂದು ಜಗಲಿಯ ಮೇಲಿಟ್ಟರು. "ನೀನ್ ಒಳೀಕ್ ಬರಂಗಿಲ್ಲ ತಾನೇ? ನಾನೇ ಈಚೀಕ್ ಬತ್ತೀನಿ. ಕೂತ್ಕೊ."

ನಾಲ್ಕು ಸಂಜೆ ನಾವಿಬ್ಬರೂ ಆ ಜಗಲಿಯ ಮೇಲೆ ಕೂತೆವು. ಕಿಟಕಿಯಿಂದ ವಯರು ಎಳೆದು ಫೋನನ್ನು ಇಬ್ಬರ ನಡುವೆ ಚಾರ್ಜಿಗೆ ಹಾಕಿರುತ್ತಿದ್ದರು. ಕಾಫಿ ಜಗಲಿಗೇ ಬರುತ್ತಿತ್ತು. ಹಾದುಹೋಗುವವರು ಕೆಣಕದೆ ಇರುತ್ತಿರಲಿಲ್ಲ. "ಏನಕ್ಕಾ, ಸೊಸೇನ ಈಚೆಗೇ ಕೂರ್ಸಿದ್ದೀಯಾ?" ಎಂದರೆ ಅತ್ತೆ, "ಊಂ ಕಣ್ಲಾ, ಗಾಳಿಗೆ. ನಿಂಗೇನು ನೋವು?" ಎನ್ನುತ್ತಿದ್ದರು. ನಾನು ಕೊನೆಯ ಬಸ್ಸಿನ ಹೊತ್ತಿಗೆ ಎದ್ದುಬಿಡುತ್ತಿದ್ದೆ. ಅಪ್ಪನಿಗೆ ಪರೀಕ್ಷೆ ಕೆಲಸ ಎಂದು ಹೇಳಿದ್ದೆ. ಅವರು ನಂಬಿರಲಿಲ್ಲ, ಆದರೂ ಸಂಜೆ ಮೋಟಾರ್ ಸೈಕಲ್ ತಂದು ಬಸ್ಸಿಗೆ ಕಾಯುತ್ತಿದ್ದರು.

ನಾಲ್ಕನೆಯ ಸಂಜೆ ಫೋನು ಹೊಡೆಯಿತು. ಉದ್ದದ, ಅರ್ಥವಾಗದ ನಂಬರು. ಹಡಗಿನ ಫೋನಿನಿಂದ ಸರದಿಯಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ ಕೊಟ್ಟಿದ್ದರಂತೆ. ಅತ್ತೆ ಎತ್ತಿದರು.

"ಎಂಗಿದ್ದೀಯಪ್ಪಾ? ಉಂಡ್ಯಾ? ಎಲ್ಡೇ ನಿಮ್ಸವಾ? ಸರಿ, ಸರಿ, ನಂಗೇನಾಗದೆ? ತಕ್ಕೊ, ಅವ್ಳ್ ತಾವ ಮಾತಾಡು." ಆ ಕಡೆಯಿಂದ ಯಾರು ಎಂದು ಕೇಳಿರಬೇಕು. "ಯಾರು ಅಂತಾನೆ! ನಿನ್ನೆಡ್ತಿ ಆಗೋಳು ಕಣ್ಲಾ. ಜಗ್ಲಿ ಮ್ಯಾಲೆ ಕೂತವ್ಳೆ."

ಫೋನು ನನ್ನ ಕೈಗೆ ಬಂತು. ಅವರ ಉಸಿರು ಕೇಳಿಸಿತು, ಅದರ ಹಿಂದೆ ಒಂದೇ ಸಮನೆ ಯಾವುದೋ ಯಂತ್ರದ ಸದ್ದು.

"ಗಂಟೆ ಹೊಡೆದಾಗ ನೀವು ಎಲ್ಲಿ ನಿಂತಿರ್ತೀರಿ?" ಎಂದು ಕೇಳಿದೆ.

"ಅದೆಲ್ಲಾ ಯಾಕೀಗ?"

"ನನಗೆ ಗೊತ್ತಾಗಬೇಕು. ಒಲೆ ಆರಿಸ್ತಾರೆ ಅನ್ನೋದು ಗೊತ್ತು. ಎಲ್ಲಿ ಅಂತ ಗೊತ್ತಿಲ್ಲದೆ ನಿಮ್ಮನ್ನ ನೆನೆಸಿಕೊಳ್ಳೋಕೂ ಆಗ್ತಿಲ್ಲ."

ಎರಡು ನಿಮಿಷದಲ್ಲಿ ಎಷ್ಟು ಹೋಯಿತೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

"ಅಡಿಗೆಮನೆಯಿಂದ ಈಚೆಗೆ ಒಂದು ಸಣ್ಣ ಓಣಿ ಇದೆ" ಎಂದರು. ಮಹಡಿಯ ಮೇಲೆ ಮಾತಾಡಿದ್ದ ಅದೇ ದನಿ. "ಇಬ್ರು ಎದುರುಬದ್ರು ಬಂದ್ರೆ ಒಬ್ರು ಗೋಡೆಗೆ ಅಂಟ್ಕೋಬೇಕು, ಅಷ್ಟೇ ಅಗಲ. ಎಡಗಡೆ ಗೋಡೆಗೆ ಸ್ಟ್ರೆಚರ್ ಕಟ್ಟಿರ್ತಾರೆ. ಅದರ ಪಕ್ಕ. ತಲೆ ಮೇಲೊಂದು ಕೆಂಪು ದೀಪ. ಕೂರಂಗಿಲ್ಲ, ನಿಂತೇ ಇರ್ಬೇಕು."

"ಒಬ್ಬರೇನಾ?"

"ಇಬ್ರು. ಇನ್ನೊಬ್ಬ ಕೇರಳದೋನು. ಹೆದರ್ಕೆ ಆದ್ರೆ ಇಬ್ರೂ ನಾಳೆ ಏನ್ ಅಡಿಗೆ ಅಂತ ಮಾತಾಡ್ಕೋತೀವಿ."

"ಹೆದರಿಕೆ ಆಗುತ್ತಾ?"

"ಹೂಂ," ಎಂದರು. ಫೋನು ಕಡಿಯಿತು.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. "ಏನಂದ?"

ಒಲೆಯ ಮುಂದಿದ್ದಾರಂತೆ ಎಂದು ಹೇಳಿಬಿಡಬಹುದಿತ್ತು. ಅದು ನನ್ನಿಂದ ಆಗಲಿಲ್ಲ. ಓಣಿ, ಎಡಗಡೆಯ ಗೋಡೆ, ಕೆಂಪು ದೀಪ, ಕೇರಳದವನು, ಎಲ್ಲವನ್ನೂ ಅವರು ಹೇಳಿದ ಹಾಗೇ ಹೇಳಿದೆ. ಅತ್ತೆ ಸೆರಗಿನಿಂದ ಫೋನಿನ ಪರದೆ ಒರೆಸುತ್ತಾ ಕೂತರು.

"ಕೂತ್ಕಳಕೂ ಬುಡಕಿಲ್ವಾ?"

"ಇಲ್ವಂತೆ ಅತ್ತೆ."

"ಎಡಗಡೀಕಾ?"

"ಎಡಗಡೆಗೆ."

ಅವರು ಬೀದಿಯ ಆಚೆ ನೋಡುತ್ತಾ ಒಂದು ಸಲ ತಲೆಯಾಡಿಸಿದರು, ಮನೆಯಲ್ಲಿ ಒಂದು ಸಾಮಾನು ಎಲ್ಲಿದೆ ಎಂದು ಗೊತ್ತಾದವರಂತೆ.

ಗುಂಡಿನ ಸದ್ದು ಅದೇ ವಾರ ನಿಂತರೂ ಹಡಗು ದಡಕ್ಕೆ ಬರಲು ಇನ್ನೂ ಐದು ವಾರ ಹಿಡಿಯಿತು. ಶ್ರಾವಣದಲ್ಲಿ ಮದುವೆಯಾಯಿತು. ಅವರ ಫಾರಮ್ಮಿನಲ್ಲಿ ಈಗ ನನ್ನ ಹೆಸರೂ ಇದೆ. ಅವರು ಮತ್ತೆ ಸಮುದ್ರದಲ್ಲಿದ್ದಾರೆ. ಯುದ್ಧವಿಲ್ಲ, ಗಂಟೆಯನ್ನು ಅಭ್ಯಾಸಕ್ಕಷ್ಟೇ ಹೊಡೆಯುತ್ತಾರಂತೆ. ಈ ಹೊತ್ತಿಗೆ ಅವರು ಒಲೆಯ ಮುಂದೆಯೇ ಇರಬೇಕು. ಆದರೆ ತವರಿಗೆ ಹೋಗಿಬರುವಾಗ ಮಳವಳ್ಳಿಯ ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದರೆ ನನಗೆ ಅವರು ಕಾಣುವುದು ಆ ಓಣಿಯಲ್ಲಿ. ಕೆಂಪು ಬೆಳಕಿನಲ್ಲಿ ನಿಂತು ಪಕ್ಕದವನಿಗೆ ಏನೋ ಹೇಳುತ್ತಿರುತ್ತಾರೆ. ಏನೆಂದು ಕೇಳಿಸುವಷ್ಟು ಹತ್ತಿರ ಹೋಗಲು ನನಗೆ ಇನ್ನೂ ಆಗಿಲ್ಲ.