ಅಮೃತೂರಿನ ಮೂರನೇ ಟೇಕ್

ಕೊರೊನಾ ಮುಗಿದ ಮರುವರ್ಷ. ತುಮಕೂರಿನ ಮರಳೂರಿನಲ್ಲಿ ನನ್ನದೊಂದು ಸಣ್ಣ ವಿಡಿಯೊ ಅಂಗಡಿ ಇತ್ತು. ಮದುವೆ, ನಾಮಕರಣ, ಗೃಹಪ್ರವೇಶ, ಕರೆದಲ್ಲಿಗೆ ಹೋಗುತ್ತಿದ್ದೆ. ಅಷ್ಟರಲ್ಲಾಗಲೇ ಜನ ಮೊದಲು ಕೇಳುತ್ತಿದ್ದುದೇ ಡ್ರೋನ್ ಇದೆಯಾ ಎಂದು. ನನ್ನಲ್ಲಿದ್ದದ್ದು ಒಂದು ಸಾಧಾರಣ ಡಿಜಿಟಲ್ ಕ್ಯಾಮೆರಾ, ಜೊತೆಗೆ ಸೊಂಟನೋವು. ಗುಬ್ಬಿಯಲ್ಲಿ ಮದುವೆಯೊಂದನ್ನು ಮುಗಿಸಿ ನಿದ್ದೆಗೆಟ್ಟು ಮನೆ ಸೇರಿದ ಬೆಳಿಗ್ಗೆಯೇ ಪರಿಚಯದ ವಕೀಲರು ಫೋನ್ ಮಾಡಿದರು. ಕುಣಿಗಲ್ ತಾಲ್ಲೂಕಿನ ಅಮೃತೂರಿನ ಹತ್ತಿರ ಅಜ್ಜಿಯೊಬ್ಬರು ವಿಲ್ ಮಾಡುತ್ತಿದ್ದಾರೆ, ಅದರ ವಿಡಿಯೊ ಇವತ್ತೇ ಬೇಕು ಎಂದರು. ಆಗುವುದಿಲ್ಲ ಎಂದು ವಾದ ಮಾಡುವಷ್ಟು ತ್ರಾಣವೂ ಇರಲಿಲ್ಲ. ಹೊರಟೆ.

ಅಜ್ಜಿ ನಿಂಗಮ್ಮನವರಿಗೆ ಮಕ್ಕಳಿಲ್ಲ, ಗಂಡ ತೀರಿಹೋಗಿದ್ದರು. ತೀರಿಹೋದ ತಂಗಿಯ ಮಗಳು ಜಯಮ್ಮನನ್ನು ತಾವೇ ಸಾಕಿದ್ದರು. ಈಗ ಆಕೆಯೇ ಅವರನ್ನು ನೋಡಿಕೊಳ್ಳುತ್ತಿದ್ದರು. ಮನೆ, ಹಿಂದಿನ ತೆಂಗಿನ ತೋಟ ಎರಡನ್ನೂ ಜಯಮ್ಮನಿಗೆ ಬರೆಯಬೇಕೆಂಬುದು ಅಜ್ಜಿಯ ಆಸೆ. ಮೈದುನನ ಮಕ್ಕಳು ಮಾತ್ರ, ‘ಮುದುಕಿಗೆ ಮರೆವು, ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಾಳೆ’ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಕೋರ್ಟಿನಲ್ಲಿ ವಿಲ್ ನಿಲ್ಲದಿದ್ದರೆ ಆಸ್ತಿ ಅವರ ಪಾಲು, ಜಯಮ್ಮ ಬೀದಿಪಾಲು. ಹಾಗಾಗಿ ವಕೀಲರ ಷರತ್ತು ಎರಡು: ಎಲ್ಲವೂ ಒಂದೇ ಟೇಕ್‌ನಲ್ಲಿ, ಅಂದರೆ ಎಲ್ಲೂ ನಿಲ್ಲಿಸದೆ ಆಗಬೇಕು. ಅಜ್ಜಿ ಮತ್ತು ವಕೀಲರ ದನಿ ಬಿಟ್ಟು ಬೇರೆ ದನಿ ಕೇಳಬಾರದು.

ಇಂಥ ಕೆಲಸಕ್ಕೆ ಕ್ಯಾಮೆರಾ ಸಿದ್ಧಪಡಿಸುವುದು ಮದುವೆಗಿಂತ ಬೇಸರದ್ದು. ಮೊದಲು ಕ್ಯಾಮೆರಾದ ದಿನಾಂಕ, ಸಮಯ ಸರಿಯಿದೆಯೇ ನೋಡಬೇಕು. ತಪ್ಪಿದ್ದರೆ ಎದುರು ಪಕ್ಷದ ವಕೀಲರಿಗೆ ಅಷ್ಟೇ ಸಾಕು. ಆಮೇಲೆ ತುಂಬಿದ ಬ್ಯಾಟರಿ, ಖಾಲಿ ಕಾರ್ಡ್. ಟ್ರೈಪಾಡ್ ಅಲುಗದಂತೆ ನಿಲ್ಲಿಸಿ, ಅಜ್ಜಿಯ ಕಣ್ಣಿಗೆ ಫೋಕಸ್ ಕೂರಿಸಿ, ಬಿಳಿ ಹಾಳೆಯೊಂದನ್ನು ಅವರ ಮುಖದ ಮುಂದೆ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿದೆ. ಈ ಬೆಳಕಿನಲ್ಲಿ ಬಿಳಿ ಎಂದರೆ ಯಾವುದು ಎಂದು ಕ್ಯಾಮೆರಾಕ್ಕೆ ತೋರಿಸಿಕೊಡುವ ಕೆಲಸ ಅದು. ಸೆರಗಿಗೆ ಪುಟ್ಟ ಮೈಕ್ ಸಿಕ್ಕಿಸಿ, ಫ್ಯಾನ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಏನಾದರೂ ಮಾತಾಡಿ ಎಂದೆ. ಅಜ್ಜಿ ತೋಟದ ಕೋತಿ ಕಾಟದ ಬಗ್ಗೆ ನಿಲ್ಲಿಸದೆ ಮಾತಾಡಿದರು. ಇವರಿಗಾ ಮರೆವು ಎಂದು ನಗು ಬಂತು.

ರೆಕಾರ್ಡಿಂಗ್ ಶುರುವಾಯಿತು. ವಕೀಲರು ಹೆಸರು ಕೇಳಿದರು, ಅಜ್ಜಿ ಹೇಳಿದರು. ಗಂಡನ ಹೆಸರು ಕೇಳಿದರು. ಅಜ್ಜಿ ತಲೆ ತಗ್ಗಿಸಿದರು. ಬಾಗಿಲಲ್ಲಿದ್ದ ಜಯಮ್ಮ ತಟ್ಟನೆ, “ಸಿದ್ದಪ್ಪ” ಎಂದರು.

ನಮ್ಮ ಕಡೆ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದರೆ ಪಕ್ಕದಲ್ಲಿದ್ದವರು ಹೇಳಿಬಿಡುತ್ತಾರೆ. ಜಯಮ್ಮ ಜೀವಮಾನವೆಲ್ಲ ಮಾಡಿದ್ದನ್ನೇ ಮಾಡಿದ್ದರು. ಆದರೆ ಟೇಕ್ ಕೆಟ್ಟಿತು. ಎರಡನೇ ಟೇಕ್‌ನಲ್ಲಿ ಜಯಮ್ಮ ಸೆರಗು ಕಚ್ಚಿಕೊಂಡು ನಿಂತರು. ಅದೇ ಪ್ರಶ್ನೆಗೆ ಕಿಟಕಿಯಾಚೆಯಿಂದ ಪಕ್ಕದ ಮನೆಯಾಕೆ, “ಸಿದ್ದಪ್ಪ ಕಣ್ ಬುಡಿ ಸಾರ್, ಪಾಪ ಅವ್ರೆಂಗೆ ಹೇಳ್ತಾರೆ!” ಎಂದು ಕೂಗಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

“ಗಂಡನ ಹೆಸರೇ ಹೇಳದಿದ್ರೆ ಮರೆವು ಅನ್ನೋದನ್ನ ನಾವೇ ಸಾಬೀತು ಮಾಡಿಕೊಟ್ಟಂಗೆ ಆಗುತ್ತೆ,” ಎಂದು ವಕೀಲರು ತಲೆ ಹಿಡಿದುಕೊಂಡರು.

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು, ಕಿಟಕಿ ಮುಚ್ಚಿದೆವು. ಬೆಳಕು ಬದಲಾಯಿತು. ಟ್ಯೂಬ್‌ಲೈಟ್ ಹಾಕಿ ಮತ್ತೆ ಮೊದಲಿಂದ ಫೋಕಸ್, ಮತ್ತೆ ಬಿಳಿ ಹಾಳೆ. ಬೆವರು ಕಣ್ಣಿಗಿಳಿಯುತ್ತಿತ್ತು. ಸಿಟ್ಟೂ ಬಂದಿತ್ತು, ಯಾರ ಮೇಲೆಂದು ಗೊತ್ತಿರಲಿಲ್ಲ. ಹಾಳೆಯ ಹಿಂದಿನಿಂದ ಅಜ್ಜಿ ಮೆಲ್ಲಗೆ ಕೇಳಿದರು:

“ನಾನು ಸುಮ್ಕಿದ್ರೆ ಜಯನ್ನ ಮನೆಯಿಂದ ಆಚೆಗೆ ಹಾಕ್ತಾರಾ ಮಗ?”

“ಹಾಕ್ಬೋದು ಅಜ್ಜಿ.”

ಅಜ್ಜಿ ಕಣ್ಣು ಮುಚ್ಚಿ ಕೂತರು. ವೈಟ್ ಬ್ಯಾಲೆನ್ಸ್ ಮುಗಿದಿತ್ತು, ಆದರೂ ಹಾಳೆ ಇಳಿಸಲಿಲ್ಲ. ಅವರೇ ಕೈಯಿಂದ ಅದನ್ನು ಪಕ್ಕಕ್ಕೆ ಸರಿಸಿದ ಮೇಲೆ ರೆಕಾರ್ಡ್ ಗುಂಡಿ ಒತ್ತಿದೆ.

ವಕೀಲರು ಮತ್ತೆ ಕೇಳಿದರು. ಹೆಡ್‌ಫೋನಿನಲ್ಲಿ ಅಜ್ಜಿಯ ಉಸಿರು ಮಾತ್ರ ಕೇಳುತ್ತಿತ್ತು.

“ಸಿದ್ದಪ್ಪ,” ಎಂದರು. ಆಮೇಲೆ ನೇರವಾಗಿ ಕ್ಯಾಮೆರಾ ನೋಡುತ್ತಾ, “ಹೆಸ್ರು ಎತ್ತಿದ್ರೆ ಗಂಡನ ಆಯಸ್ಸು ಸವೀತದೆ ಅಂತಿದ್ರು. ಒಂದ್ ದಿನಾನೂ ಎತ್ನಿಲ್ಲ ಕಣಪ್ಪ. ಆದ್ರೂ ಹೋದ್ರಲ್ಲ,” ಎಂದರು.

ವಕೀಲರು ಆಸ್ತಿಯ ವಿವರ ಕೇಳಿದರು. ಅಜ್ಜಿ ತೋಟದ ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು, ಯಾವ ಕಡೆ ಯಾರ ಜಮೀನಿದೆ ಎಂಬುದನ್ನು, ತಡವರಿಸದೆ ಹೇಳಿ ಮುಗಿಸಿದರು.

ಆಮೇಲೆ ಜಯಮ್ಮ ತಾವೂ ನೋಡಬೇಕೆಂದರು. ಹೆಡ್‌ಫೋನ್ ಹಾಕಿ ತೋರಿಸಿದೆ. ಆ ಹೆಸರು ಬಂದ ಕಡೆ ಆಕೆ ಕ್ಯಾಮೆರಾದ ಪುಟ್ಟ ಪರದೆಯಿಂದ ಮುಖ ತಿರುಗಿಸಿ, “ದೊಡ್ಡವ್ವ, ನನಗೋಸ್ಕರ ಹೇಳ್ಬುಟ್ಯಾ?” ಎಂದು ಬಿಕ್ಕಿದರು.

“ನಿನಗಲ್ದೆ ಇನ್ಯಾರಿಗೆ ಹೇಳ್ಲಿ? ಹೋಗು, ಅವ್ರಿಗೆ ಕಾಫಿ ಇಡು,” ಎಂದರು ಅಜ್ಜಿ.

ಅಜ್ಜಿ ಈಗಿಲ್ಲ. ಜಯಮ್ಮ ಅದೇ ಮನೆಯಲ್ಲಿದ್ದಾರೆ. ನಾನು ಅಂಗಡಿ ಮುಚ್ಚಿದ್ದೇನೆ. ಹೊಸ ಹುಡುಗರು ಬಂದು ಕ್ಯಾಮೆರಾ ಸೆಟ್ಟಿಂಗ್ ಕೇಳಿದರೆ ಹೇಳಿಕೊಡುತ್ತೇನೆ. ಜೊತೆಗೆ ಇದನ್ನೂ ಹೇಳುತ್ತೇನೆ: ಯಂತ್ರ ಬೇಗ ಸಿದ್ಧವಾಗುತ್ತದೆ, ಎದುರಿಗೆ ಕೂತವರಿಗೆ ಹೊತ್ತು ಬೇಕು. ಎಷ್ಟೇ ಸುಸ್ತಾಗಿದ್ದರೂ ಅಲ್ಲಿಯವರೆಗೆ ಕಾಯಿರಿ, ಒಂದು ಮಾತಿಗಾಗಿ ಅವರು ಬಿಟ್ಟುಕೊಡುತ್ತಿರುವುದು ಏನೆಂದು ನಿಮಗೆ ಗೊತ್ತಿರುವುದಿಲ್ಲ.