ಶಿಕ್ಕಾದಕ್ಕನ ಹಳದಿ ಹೂವು

ಅವಳ ಬಲಗೈ ಹೆಬ್ಬೆರಳಿನ ಉಗುರು ನೀಲಿ. ತೊಳೆದರೆ ಹೋಗುವ ನೀಲಿಯಲ್ಲ, ಬುಡಕ್ಕೇ ಇಳಿದ ಮಸಿಯ ನೀಲಿ. ಬೆರಳ ತುದಿಗಳನ್ನು ಬ್ಲೇಡು ಕೊಯ್ದು ಕೊಯ್ದು ಅಲ್ಲಿ ಗೆರೆಗಳೇ ಉಳಿದಿರಲಿಲ್ಲ. ರೇಷನ್ ಅಂಗಡಿಯ ಮಶಿನ್ನು ಅವಳ ಬೆರಳನ್ನು ಒಪ್ಪುತ್ತಲೇ ಇರಲಿಲ್ಲ. ಹತ್ತು ಸಲ ಒತ್ತಿಸಿ ಅಂಗಡಿಯವನು ಬೇಸತ್ತರೆ, "ಊರಿಗೆಲ್ಲಾ ಶಿಕ್ಕಾ ಹೊಡದ ಬೆರಳೋ ತಮ್ಮಾ, ನಿನ್ನ ಡಬ್ಬಿಗೆ ಹೆದರತೈತೇನು?" ಎನ್ನುತ್ತಿದ್ದಳು.

ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಅವಳನ್ನು ಎಲ್ಲರೂ ಕರೆದದ್ದು ಶಿಕ್ಕಾದಕ್ಕ ಎಂದೇ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ತವರು ಬ್ಯಾಡಗಿ. ಅವಳ ಅಪ್ಪ ಅಲ್ಲಿ ಮೆಣಸಿನಕಾಯಿ ಚೀಲಗಳ ಮೇಲೆ ವ್ಯಾಪಾರಿಗಳ ಗುರುತಿನ ಮುದ್ರೆ, ಅಂದರೆ ಶಿಕ್ಕಾ, ಒತ್ತುತ್ತಿದ್ದನಂತೆ. ಹಳೇ ಟೈರಿನ ತುಂಡಿನಲ್ಲಿ ಗುರುತು ಕೊರೆಯುವುದನ್ನು ಇವಳು ಅವನಿಂದ ಕಲಿತಳು. ಮದುವೆಯಾಗಿ ಇಲ್ಲಿಗೆ ಬಂದ ನಾಲ್ಕನೇ ವರ್ಷ ಗಂಡ ಸತ್ತ. ಮಕ್ಕಳಿರಲಿಲ್ಲ. ತವರಿಗೆ ಹೋಗದೆ ಇಲ್ಲೇ ಕೂತು, ಹರಿದ ಹವಾಯಿ ಚಪ್ಪಲಿಯ ರಬ್ಬರಿನಲ್ಲಿ ಬೀಜದ ಚೀಲಕ್ಕೆ, ಹತ್ತಿ ಚೀಲಕ್ಕೆ ಶಿಕ್ಕಾ ಕೊರೆದು ಹೊಟ್ಟೆ ಹೊರೆದಳು.

ಆದರೆ ಹೆಸರು ಬಂದದ್ದು ಲಗ್ನಪತ್ರಿಕೆಯಿಂದ. ಈಗ ಲಗ್ನದ ಕರೆಯೆಲ್ಲ ಮೊಬೈಲಿನಲ್ಲೇ ಹೋಗುತ್ತದೆ. ಆದರೂ ದೇವರ ಮುಂದೆ ಇಡಲಿಕ್ಕೆ, ಬೀಗರಿಗೆ, ಸೋದರಮಾವನಿಗೆ ಕೊಡಲಿಕ್ಕೆ ಕೈಯಲ್ಲಿ ಹಿಡಿಯುವಂಥದ್ದು ನಾಲ್ಕಾರು ಬೇಕೇ ಬೇಕು. ಅವನ್ನು ಇವಳು ಮಾಡುತ್ತಿದ್ದಳು. ಒಳಗಿನ ಬರಹ ಜೆರಾಕ್ಸ್ ಅಂಗಡಿಯದು, ಹೊರಗಿನ ಚೆಂದ ಇವಳದು. ಅದಕ್ಕೆ ಅವಳು ಬಳಸಿದ್ದೆಲ್ಲ ಮನೆಯ ಸಾಮಾನು. ಲಟ್ಟಣಿಗೆಗೆ ದಾರ ಸುತ್ತಿ, ಮಸಿ ಹಚ್ಚಿ ಉರುಳಿಸಿದರೆ ಸೀರೆಯ ದಡಿಯಂಥ ಗೆರೆ. ಶಾವಿಗೆ ಒತ್ತುವ ಬಿಲ್ಲೆಯಿಂದ ಚುಕ್ಕಿ. ಸೋಡಾ ಬಾಟಲಿಯ ಮುಚ್ಚಳದಿಂದ ಹಲ್ಲು ಹಲ್ಲಿನ ಚಕ್ರ. ದೇವರ ವಿಷಯಕ್ಕೆ ಚಪ್ಪಲಿ ಮುಟ್ಟುತ್ತಿರಲಿಲ್ಲ. ಕಳಸವನ್ನು ಸಾಲಿ ಮಕ್ಕಳ ಅಳಿಸುವ ರಬ್ಬರಿನಲ್ಲಿ ಕೊರೆಯುತ್ತಿದ್ದಳು. ಬೆಂಡೆಕಾಯಿ ಅಡ್ಡ ಕೊಯ್ದು ಒತ್ತಿದರೆ ಐದೆಸಳಿನ ಹೂವು. ಪತ್ರಿಕೆಯ ನಟ್ಟನಡುವೆ ಒಂದು ಹಳದಿ ಹೂವು, ಸುತ್ತ ಕೆಂಪು ಹೂವು. ಕೊಡುವಾಗ, "ಬಿಸಲಿಗೆ ಇಡಬ್ಯಾಡ್ರಿ, ಬಣ್ಣ ಹಾರತೈತಿ" ಎಂದು ಎಲ್ಲರಿಗೂ ಹೇಳುತ್ತಿದ್ದಳು.

ನಾನೂ ಒಂದೆರಡು ಸಲ ಒತ್ತಲು ಹೋಗಿ ಕೆಡಿಸಿದೆ. "ಒತ್ತೋದು ಕತ್ತೆಗೂ ಬರತೈತಿ," ಎಂದು ಬೈದಳು. "ಎತ್ತೋದ್ರಾಗ ಐತಿ ಎಲ್ಲಾ. ಸೊಟ್ಟ ಎತ್ತೀದಿ, ಹೂವು ಹೋಗಿ ಹಪ್ಪಳ ಆತು ನೋಡು."

ಇಷ್ಟು ಮಾಡುವ ಕೈಗೆ ಒಂದು ಕೆಲಸ ಮಾತ್ರ ಕೊಡುತ್ತಿರಲಿಲ್ಲ. ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿಣ ಕುಂಕುಮ ಹಚ್ಚಬೇಕಲ್ಲ, ಅದನ್ನು ಮುತ್ತೈದೆಯೇ ಹಚ್ಚಬೇಕು. ಗಂಡ ಸತ್ತವಳು ಹಚ್ಚಿದರೆ ಶುಭವಲ್ಲವಂತೆ. ಹೂವು ಒತ್ತಿದರೆ, ಗೆರೆ ಎಳೆದರೆ, ಕಳಸ ಕೊರೆದರೆ ನಡೆಯುತ್ತದೆ. ಮೂಲೆಗೆ ಬೆರಳು ತಾಗಿಸಿದರೆ ಲಗ್ನ ಕೆಡುತ್ತದೆ! ಈ ನೇಮ ಮಾಡಿದವರು ಯಾರೋ, ಅವರ ಬಾಯಿಗೆ ಮಣ್ಣು.

ಹಾಗೆ ಬೆರಳು ತಾಗಿಸುತ್ತಿದ್ದವಳು ನಾನೇ. ಮಗ್ಗುಲ ಮನೆಯವಳು, ಮುತ್ತೈದೆ, ಕರೆದ ಕೂಡಲೇ ಹೋಗುತ್ತಿದ್ದೆ. ನಾನು ಬಟ್ಟಲು ಹಿಡಿದರೆ ಅವಳು ತಾನಾಗಿಯೇ ಗೋಡೆಯ ಕಡೆ ಸರಿಯುತ್ತಿದ್ದಳು. ಲಗ್ನದ ಮನೆಯವರು ಉಡಿ ತುಂಬಿ ಕುಬಸದ ಖಣ ಕೊಡುತ್ತಿದ್ದದ್ದೂ ನನಗೇ. ವರ್ಷಗಟ್ಟಲೆ ತಂದು ಹೊಲಿಸಿ ಹಾಕಿಕೊಂಡೆ. ನಾಚಿಕೆ ಎಂಬುದು ಒಂದು ದಿನವೂ ಬರಲಿಲ್ಲ.

ಆಮೇಲೆ ನನ್ನ ಗಂಡ ಸತ್ತ.

ಮೂರು ತಿಂಗಳ ಮೇಲೆ ನಮ್ಮ ಓಣಿಯ ಬಟ್ಟೆ ಅಂಗಡಿಯವರ ಮಗಳ ಲಗ್ನ ಗೊತ್ತಾಯಿತು. ರೂಢಿಯಂತೆ ನಾನು ಹೋಗಿ ಶಿಕ್ಕಾದಕ್ಕನ ಮನೆಯಲ್ಲಿ ಕೂತೆ. ಅವರ ಸೊಸೆ ಅರಿಶಿಣದ ಬಟ್ಟಲು ಹಿಡಿದುಕೊಂಡೇ ಬಂದಳು.

"ಅಜ್ಜಿ, ಸ್ವಲ್ಪ ಆ ಕಡೆ ಸರೀರಿ. ಬಟ್ಟಲಾ ಮುಟ್ಟಬ್ಯಾಡ್ರಿ. ನಮ್ಮತ್ತಿ ಹೇಳ್ಯಾರ."

ಸರಿದೆ. ಗೋಡೆಗೆ ಬೆನ್ನು ಹಚ್ಚಿ ಇಬ್ಬರೂ ಒಂದೇ ಸಾಲಿನಲ್ಲಿ ಕೂತೆವು. ಆ ಹುಡುಗಿ ಮೂಲೆಗಳಿಗೆ ಹಚ್ಚಿ, ಪತ್ರಿಕೆ ಎತ್ತಿಕೊಂಡು ಹೋದಳು. ನನ್ನ ಮೈ ಉರಿಯುತ್ತಿತ್ತು.

"ನಿನ್ನಿ ಬಂದ ಹುಡುಗಿ ನನಗ ಸರಿ ಅಂತಾಳ! ಅವರ ಮನಿ ಎಷ್ಟು ಪತ್ರಿಕಿಗೆ ನಾ ಅರಿಶಿಣ ಹಚ್ಚೇನಿ!"

ಶಿಕ್ಕಾದಕ್ಕ ಕಿಸಕ್ಕನೆ ನಕ್ಕಳು. "ನೀ ಮೂಲಿಗೆ ಹಚ್ಚೀದಿ. ನಾ ನಟ್ಟನಡುವ ಹಚ್ಚೇನಿ."

"ಏನ ಹಚ್ಚೀದಿ?"

"ಅರಿಶಿಣ. ಆ ಹಳದಿ ಹೂವು ಏನಂತ ತಿಳಿದಿದ್ದಿ? ನನ್ನ ಅಡಗಿಮನ್ಯಾಗ ಪೇಂಟಿನ ಅಂಗಡಿ ಐತೇನ? ಗಂಜ್ಯಾಗ ಅರಿಶಿಣ ಕಲಸಿದ್ರ ಹಳದಿ. ಅದಕ್ಕ ಚಿಟಿಕಿ ಸುಣ್ಣ ಹಾಕಿದ್ರ ಕೆಂಪು."

ಆರತಿಯ ನೀರಿಗೆ ಅರಿಶಿಣ, ಸುಣ್ಣ ಕಲಸಿ ಕೆಂಪು ಮಾಡುತ್ತಾ ಮುದುಕಿಯಾದವಳು ನಾನು, ನನಗೇ ಹೊಳೆದಿರಲಿಲ್ಲ.

"ನನಗ್ಯಾಕ ಹೇಳಲಿಲ್ಲಕ್ಕ?"

"ಹೇಳಿದ್ರ ಆ ಪತ್ರಿಕಿ ಮ್ಯಾಲ ನೀ ಕೈ ಇಡತಿದ್ದೇನು?"

ಇಡುತ್ತಿರಲಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು. ಹಠಕ್ಕೆ ಮಾಡಿದೆಯಾ ಎಂದು ಕೇಳಿದೆ. "ಮೊದಲ ಬಣ್ಣ ತರಾಕ ಗತಿ ಇರಲಿಲ್ಲ. ಆಮ್ಯಾಲ ಒಳಗಿಂದೊಳಗ ಖುಷಿ ಆಗಾಕತ್ತು," ಎಂದಳು. "ಯಾರ ಮುಂದೂ ಬಾಯಿ ಬಿಡಬ್ಯಾಡ ತಂಗಿ. ಚೀಲದ ಶಿಕ್ಕಾ ಹೊಟ್ಟಿಗೆ. ಇದು ನನ್ನ ಜೀವಕ್ಕ."

ಆಗಲಿ ಎಂದೆ.

ಮರುವರ್ಷ ನನ್ನ ಮೊಮ್ಮಗಳ ಲಗ್ನ ಬಂತು. ಗಂಡಿನವರು ಹಲಗೇರಿಯವರು. ಪತ್ರಿಕೆಗಳನ್ನು ಶಿಕ್ಕಾದಕ್ಕ ಎಂಟು ದಿನ ಕೂತು ಮಾಡಿ ತಂದಳು. ಅಂಥ ಪತ್ರಿಕೆ ಅವಳು ಹಿಂದೆಂದೂ ಮಾಡಿರಲಿಲ್ಲ. ಅವತ್ತು ಗಂಡಿನ ತಾಯಿಯೂ ಬಂದಿದ್ದಳು. ನನ್ನ ಸೊಸೆ ಓಣಿಯಿಂದ ಒಬ್ಬ ಮುತ್ತೈದೆಯನ್ನು ಕರೆಸಿ ಬಟ್ಟಲು ಕೊಟ್ಟಳು. ಬೀಗತಿ ಒಂದು ಪತ್ರಿಕೆ ಎತ್ತಿ ತಿರುಗಿಸಿ ನೋಡಿ, "ಭಾಳ ಚಂದ ಮಾಡೀರಿ ಯವ್ವಾ," ಎಂದಳು. ಅದೇ ಉಸಿರಿನಲ್ಲಿ, "ಅರಿಶಿಣ ಹಚ್ಚೂತನಕ ಒಂದೀಟು ಹೊರಗ ಕಟ್ಟೀ ಮ್ಯಾಲ ಕುಂದರ್ರಿ," ಎಂದಳು.

ಶಿಕ್ಕಾದಕ್ಕ ಏಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಯಾಕ ಹೊರಗ? ಚಂದ ಐತಿ ಅಂತೀರಲ್ಲ, ಆ ನಡುವಿನ ಹೂವು ಏನಂತ ತಿಳಿದೀರಿ? ಅರಿಶಿಣ! ಆಕಿ ಕೈಲೆ ಕಲಸಿದ ಅರಿಶಿಣ! ಈ ಓಣ್ಯಾಗ ಆಗಿದ್ದ ಲಗ್ನಕ್ಕೆಲ್ಲಾ ಆಕೀನ ಹಚ್ಚ್ಯಾಳ, ಯಾರ ತಾಳಿ ಹರದೈತಿ?"

ಬೀಗತಿ ಕೈಯಲ್ಲಿದ್ದ ಪತ್ರಿಕೆಯನ್ನು ಕೆಳಗಿಟ್ಟಳು, ಬಿಸಿ ಪಾತ್ರೆ ಇಟ್ಟಂತೆ. ಬಟ್ಟಲು ಹಿಡಿದಿದ್ದ ಮುತ್ತೈದೆ ಆಗಲೇ ಹೊಸ್ತಿಲು ದಾಟಿದ್ದಳು, ಸುದ್ದಿ ಹೊತ್ತುಕೊಂಡು.

ಲಗ್ನ ನಿಲ್ಲಲಿಲ್ಲ. ನನ್ನ ಮಗ ಹಾವೇರಿಗೆ ಹೋಗಿ ಪ್ರೆಸ್ಸಿನಲ್ಲಿ ಬೇರೆ ಪತ್ರಿಕೆ ಹಾಕಿಸಿ ತಂದ. ಆದರೆ ಓಣಿಯವರ ನಾಲಿಗೆ ನೋಡಬೇಕಿತ್ತು. ಕುಡುಕ ಗಂಡನನ್ನು ಬಿಟ್ಟು ಬಂದ ಹುಡುಗಿಯೊಬ್ಬಳು ಇದ್ದಳು. ಅದಕ್ಕೆ ಕಾರಣ ಕುಡಿತವಲ್ಲ, ಹಳದಿ ಹೂವು. ಮಕ್ಕಳಾಗದವಳಿಗೆ ಕಾರಣ ಹಳದಿ ಹೂವು. ಒಬ್ಬನ ಟ್ರ್ಯಾಕ್ಟರ್ ಹಳ್ಳಕ್ಕೆ ಬಿದ್ದದ್ದೂ ಹಳದಿ ಹೂವಿನಿಂದಲೇ! ಮೂರು ಮೂರು ಮಕ್ಕಳ ಹೆತ್ತು, ಮೈತುಂಬ ಬಂಗಾರ ಹಾಕಿಕೊಂಡು ಓಡಾಡುವವರ ಪತ್ರಿಕೆಯಲ್ಲೂ ಅದೇ ಹೂವು ಇತ್ತಲ್ಲ, ಅದರ ಮಾತು ಯಾರೂ ಎತ್ತಲಿಲ್ಲ.

ನಾನು ಗುಟ್ಟು ಬಿಟ್ಟ ಮರುದಿನ ಮುಂಜಾನೆಯೇ ಅವಳ ಬಾಗಿಲಿಗೆ ಹೋದೆ. ಅವಳು ಬೀಜದ ಚೀಲದ ಶಿಕ್ಕಾ ಕೊರೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಿನ್ನ ಸಲುವಾಗಿ ಹೇಳಿದೆ ಅಕ್ಕ. ಸಿಟ್ಟು ಬಂತು."

"ಸಿಟ್ಟು ನಿಂದು, ಬಾಯಿ ನಿಂದು," ಎಂದಳು. "ಗುಟ್ಟು ಒಂದು ನಂದಿತ್ತು."

ಮತ್ತೆ ಯಾರೂ ಪತ್ರಿಕೆ ಮಾಡಿಸಲಿಲ್ಲ. ಅವಳು ನನ್ನೊಡನೆ ಮಾತು ಬಿಡಲಿಲ್ಲ. ಸಾರು ಮಾಡಿದರೆ ಗೋಡೆಯಾಚೆಯಿಂದ ಕೂಗಿ ಕೊಡುತ್ತಿದ್ದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಎರಡು ವರ್ಷ ಬರೀ ಚೀಲದ ಶಿಕ್ಕಾ ಕೊರೆದಳು. ಹೋದ ವರ್ಷ ಜ್ವರ ಬಂದು ಮೂರೇ ದಿನಕ್ಕೆ ಸತ್ತಳು.

ಹೆಣದ ಮುಂದೆ ಓಣಿಯ ಹೆಂಗಸರೆಲ್ಲ ಬಂದು ಕೂತರು. "ಎಂಥಾ ಕೈ ಇತ್ತ ಯವ್ವಾ, ಎಷ್ಟ ಚಂದ ಮಾಡತಿತ್ತ," ಎಂದು ಅತ್ತರು. ನಾನು ಅಲ್ಲೇ ಹೇಳಿದೆ: "ಮನಿಗೆ ಹೋಗ್ರಿ. ಆಕಿ ಮಾಡಿದ ಪತ್ರಿಕಿ ಟ್ರಂಕಿನ್ಯಾಗಿಂದ ತಗದು ಹರದು ಒಲಿಗೆ ಹಾಕಿ ಬರ್ರಿ. ಆಮ್ಯಾಲ ಅಳ್ರಿ." ಯಾರೂ ಏಳಲಿಲ್ಲ. ಲಗ್ನಪತ್ರಿಕೆ ಹರಿಯಬಾರದಂತೆ, ಶಕುನ ಕೆಡುತ್ತದಂತೆ.

ಅವರನ್ನು ಬೈಯುವುದು ನನಗೆ ಸಸಾರ. ಆದರೆ ಅವಳ ಜೀವದಂಥ ಕೆಲಸ ಹೋದದ್ದು ಅವರ ಬಾಯಿಂದಲ್ಲ, ನನ್ನ ಬಾಯಿಂದ. ಆ ಗುಟ್ಟನ್ನು ಅವಳನ್ನು ಕೇಳದೆ ಒಮ್ಮೆ ಹೇಳಿದೆ. ಈಗ ಎರಡನೇ ಸಲ, ಕೇಳದೆಯೇ, ಬರೆದಿದ್ದೇನೆ. ಈ ಸಲ ಅವಳ ಕೈಯಿಂದ ಕಸಿದುಕೊಳ್ಳಲಿಕ್ಕೆ ಯಾರಿಗೂ ಏನೂ ಉಳಿದಿಲ್ಲ.